ಪಿಎಚ್‌ಸಿಯಲ್ಲಿ ನರ್ಸ್ ಕೆಲಸ ಸಿಕ್ಕಿದೆ, ರಾತ್ರಿ ಒಬ್ಬಳೇ ಹೆರಿಗೆ ಮಾಡಿಸಬೇಕಂತೆ: ಸೇರಲೋ ಬೇಡವೋ?

ಪ್ರಶ್ನೆ: ನನಗೆ 27 ವರ್ಷ, ಊರು ಹಾಸನದ ಕಡೆ. ಬಿಎಸ್ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ಈಗ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ (ಎನ್‌ಎಚ್‌ಎಂ) ಗುತ್ತಿಗೆ ಮೇಲೆ ಶುಶ್ರೂಷಾಧಿಕಾರಿಯಾಗಿ ಆಯ್ಕೆಯಾಗಿದೆ. ಕೊಪ್ಪಳ ಜಿಲ್ಲೆಯ ಒಂದು 24×7 ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ). ಇನ್ನು ಹದಿನೈದು ದಿನದಲ್ಲಿ ಸೇರಬೇಕು. ಕಾಲೇಜು ಬಿಟ್ಟ ಮೇಲೆ ನಾನು ಒಂದೂ ಹೆರಿಗೆ ನೋಡಿಲ್ಲ. ರಾತ್ರಿ ಡಾಕ್ಟರ್ ಇರಲ್ಲ, ನರ್ಸ್ ಮತ್ತು ಡಿ ಗ್ರೂಪ್‌ನವರು ಮಾತ್ರ ಅಂತಾರೆ. ಐಸಿಯುನಲ್ಲಿ ಕಲಿತಿದ್ದೆಲ್ಲ ಅಲ್ಲಿ ತುಕ್ಕು ಹಿಡಿಯುತ್ತೆ ಅಂತ ಸ್ನೇಹಿತೆಯರು ಹೇಳ್ತಾರೆ. ಅಮ್ಮ ಮಾತ್ರ ‘ಸರ್ಕಾರಿ ಕೆಲಸ ಬಿಡಬೇಡ, ಇವತ್ತಲ್ಲ ನಾಳೆ ಪರ್ಮನೆಂಟ್ ಆಗುತ್ತೆ’ ಅಂತಾರೆ. ಹೆರಿಗೆ ಆದರೆ ಅಲ್ಲಿ ಎಲ್ಲರೂ ದುಡ್ಡು ತಗೋತಾರೆ, ನೀನೂ ತಗೋಬೇಕಾಗುತ್ತೆ ಅಂತಲೂ ಕೇಳಿದ್ದೇನೆ. ಸೂಜಿ ಚುಚ್ಚಿಕೊಂಡರೆ ನೋಡೋರು ಯಾರು ಅನ್ನೋ ಹೆದರಿಕೆ ಬೇರೆ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಐದು ಭಯ ಇವೆ. ಹೆರಿಗೆ, ತುಕ್ಕು, ಗುತ್ತಿಗೆ, ದುಡ್ಡು, ಸೂಜಿ. ನಾನು ಸರ್ವಿಸ್‌ನ ಬಹುಪಾಲು ಪಿಎಚ್‌ಸಿ ಮತ್ತು ತಾಲ್ಲೂಕು ಆಸ್ಪತ್ರೆಯ ಲೇಬರ್ ರೂಮಿನಲ್ಲೇ ಕಳೆದವಳು, ಆಮೇಲೆ ಹೊಸಬರಿಗೆ ತರಬೇತಿ ಕೊಟ್ಟವಳು. ನನ್ನ ಲೆಕ್ಕದಲ್ಲಿ ಈ ಐದರಲ್ಲಿ ನಿಜವಾಗಿ ಯೋಚಿಸಬೇಕಾದದ್ದು ಹೆರಿಗೆ ಒಂದು, ಗುತ್ತಿಗೆ ಅರ್ಧ. ಆದರೆ ನೀವು ಬರೆಯದೇ ಬಿಟ್ಟ ಎರಡು ವಿಷಯ ಇವೆ. ಹೊಸ ನರ್ಸ್‌ಗಳು ತೊಂದರೆಗೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅವುಗಳಿಂದಲೇ. ಅದಕ್ಕೂ ಬರುತ್ತೇನೆ.

ಮೊದಲು ಹೆರಿಗೆ. ಕಾಲೇಜಿನ ಪುಸ್ತಕದಲ್ಲಿ ಇಪ್ಪತ್ತು ಹೆರಿಗೆ ಮಾಡಿಸಿದ್ದೀರಿ ಅಂತ ಸಹಿ ಇರುತ್ತೆ. ಅದರಲ್ಲಿ ಕೈಯಾರೆ ಮಾಡಿದ್ದು ಎಷ್ಟು, ಹಿಂದೆ ನಿಂತು ನೋಡಿದ್ದು ಎಷ್ಟು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದಕ್ಕೆ ನಾಚಿಕೆ ಬೇಡ. ಸೇರಿದ ದಿನವೇ ವೈದ್ಯಾಧಿಕಾರಿಗೆ ನೇರವಾಗಿ ಹೇಳಿ, ಅರ್ಜಿಯಲ್ಲೂ ಬರೆದು ಕೊಡಿ: ನನಗೆ ಎಸ್‌ಬಿಎ, ಅಂದರೆ ಹೆರಿಗೆ ಮಾಡಿಸುವ ತರಬೇತಿ ಬೇಕು, ನವಜಾತ ಶಿಶುವಿನ ಎನ್‌ಎಸ್‌ಎಸ್‌ಕೆ ತರಬೇತಿ ಬೇಕು. ಎಸ್‌ಬಿಎ 21 ದಿನದ್ದು, ಜಿಲ್ಲಾ ಆಸ್ಪತ್ರೆ ಅಥವಾ ದೊಡ್ಡ ತಾಲ್ಲೂಕು ಆಸ್ಪತ್ರೆಯ ಲೇಬರ್ ರೂಮಿನಲ್ಲಿ ನಡೆಯುತ್ತೆ. ಅಲ್ಲಿಯವರೆಗೆ ರಾತ್ರಿ ಪಾಳಿಯಲ್ಲಿ ಹಳೆಯ ಸಿಸ್ಟರ್ ಜೊತೆ ಹಾಕಿ ಅಂತ ಕೇಳಿ. ಕೇಳಿದ್ದು ಬರಹದಲ್ಲಿದ್ದರೆ ಬೇಡ ಅನ್ನುವವರು ಕಡಿಮೆ. ಬಾಯಲ್ಲಿ ಕೇಳಿದರೆ ‘ಆಯ್ತು ನೋಡೋಣ’ ಅಂದು ಅಲ್ಲಿಗೇ ಮುಗಿಯುತ್ತೆ.

ಇನ್ನೊಂದು ತಿಳಿದುಕೊಳ್ಳಿ. ಪಿಎಚ್‌ಸಿಗೆ ಬಂದ ಹೆರಿಗೆಯೆಲ್ಲ ಪಿಎಚ್‌ಸಿಯಲ್ಲೇ ಆಗಬೇಕು ಅಂತ ಎಲ್ಲೂ ಇಲ್ಲ. ಹಿಂದಿನ ಹೆರಿಗೆ ಸಿಜೇರಿಯನ್, ಅವಳಿ, ಮಗು ಅಡ್ಡ ಅಥವಾ ಬುಡ ಕೆಳಗೆ, ಬಿಪಿ 140/90 ದಾಟಿದೆ, ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ ಇದೆ: ಇಂಥವರನ್ನು ನೋವು ಶುರುವಾಗುವ ಮೊದಲೇ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಗೊತ್ತುಮಾಡಿ ಇಟ್ಟಿರಬೇಕು. ಪ್ರತಿ ತಿಂಗಳು 9ನೇ ತಾರೀಕು ನಡೆಯುವ ಸುರಕ್ಷಿತ ಮಾತೃತ್ವ ತಪಾಸಣೆ ಇರುವುದೇ ಇಂಥವರನ್ನು ಮುಂಚೆ ಹುಡುಕುವುದಕ್ಕೆ. ತಿಂಗಳು ತುಂಬದೆ ನೋವು ಬಂದವರನ್ನೂ ದೊಡ್ಡ ಆಸ್ಪತ್ರೆಗೇ ಕಳಿಸಿ. ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದಾಗ ನೀವು ಮಾಡಬೇಕಾದ ಮೊದಲ ಕೆಲಸ ಗ್ಲೌಸ್ ಹಾಕುವುದಲ್ಲ, ತಾಯಿ ಕಾರ್ಡ್ ಬಿಚ್ಚಿ ನೋಡುವುದು. ಇವಳನ್ನು ಇಟ್ಟುಕೊಳ್ಳಬಹುದಾ, ಕಳಿಸಬೇಕಾ? ಇಟ್ಟುಕೊಂಡರೆ ಪಾರ್ಟೋಗ್ರಾಫ್ ಹಾಕಿ, ಅಂದರೆ ಹೆರಿಗೆ ಹೇಗೆ ಮುಂದೆ ಹೋಗುತ್ತಿದೆ ಅಂತ ತೋರಿಸುವ ಚಾರ್ಟ್. ಗರ್ಭಕೋಶದ ಬಾಯಿ 4 ಸೆಂಟಿಮೀಟರ್ ತೆರೆದಾಗಿನಿಂದ ಗೆರೆ ಎಳೆಯುತ್ತಾ ಹೋಗಿ, ಅಲರ್ಟ್ ಗೆರೆ ದಾಟಿದರೆ ಕಾಯದೆ 108ಕ್ಕೆ ಫೋನ್ ಮಾಡಿ. ಹೆರಿಗೆ ಆದ ಮೇಲೆ ಪಾರ್ಟೋಗ್ರಾಫ್ ತುಂಬಿಸುವ ಅಭ್ಯಾಸ ಕೆಲವು ಕಡೆ ಇದೆ. ಅದು ಫೈಲ್‌ಗೆ ಚಂದ ಅಷ್ಟೇ, ಆ ಹೆಂಗಸಿಗೆ ಅದರಿಂದ ಏನೂ ಉಪಯೋಗ ಇಲ್ಲ.

ಇಲ್ಲಿ ಒಂದು ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ನೋವು ನಿಧಾನ ಆದಾಗ ಮನೆಯವರು ‘ನೋವಿನ ಸೂಜಿ ಮಾಡ್ರಿ’ ಅಂತ ಒತ್ತಾಯ ಮಾಡುತ್ತಾರೆ. ಕೆಲವು ಸಲ ಜೊತೆಗಿರುವ ಅನುಭವಿ ಆಯಾನೂ ಅದನ್ನೇ ಹೇಳುತ್ತಾಳೆ. ಅಂದರೆ ನೋವು ಹೆಚ್ಚಿಸುವ ಆಕ್ಸಿಟೋಸಿನ್. ಹೆರಿಗೆಗೆ ಮೊದಲು ಅದನ್ನು ಮಾಂಸಖಂಡಕ್ಕೆ ಕೊಡಲೇಬೇಡಿ. ಯಾರು ಹೇಳಿದರೂ ಬೇಡ. ಒಮ್ಮೆ ಒಳಗೆ ಹೋದ ಮೇಲೆ ಅದನ್ನು ನಿಲ್ಲಿಸಲು ಆಗುವುದಿಲ್ಲ. ಗರ್ಭಕೋಶ ಬಿಡುವಿಲ್ಲದೆ ಹಿಂಡಿ ಮಗುವಿಗೆ ಉಸಿರು ಕಟ್ಟಬಹುದು, ಗರ್ಭಕೋಶವೇ ಒಡೆಯಬಹುದು. ಹೊಟ್ಟೆ ಮೇಲಿಂದ ಒತ್ತುವುದೂ ಅಷ್ಟೇ ಕೆಟ್ಟದ್ದು. ಅದೇ ಆಕ್ಸಿಟೋಸಿನ್, ಅದೇ 10 ಯೂನಿಟ್, ಮಗು ಹೊರಗೆ ಬಂದ ಒಂದು ನಿಮಿಷದೊಳಗೆ ಕೊಟ್ಟರೆ ತಾಯಿಯ ಜೀವ ಉಳಿಸುತ್ತೆ. ಕೊಡುವ ಮೊದಲು ಹೊಟ್ಟೆಯೊಳಗೆ ಇನ್ನೊಂದು ಮಗು ಇಲ್ಲ ಅಂತ ಕೈಯಿಟ್ಟು ಖಾತ್ರಿ ಮಾಡಿಕೊಳ್ಳಿ. ಮತ್ತೆ ಅದನ್ನು 2ರಿಂದ 8 ಡಿಗ್ರಿಯಲ್ಲಿ ಫ್ರಿಜ್‌ನಲ್ಲಿಟ್ಟಿರಬೇಕು. ಕೊಪ್ಪಳದ ಏಪ್ರಿಲ್ ಬಿಸಿಲಲ್ಲಿ ಟ್ರೇ ಮೇಲೆ ವಾರಗಟ್ಟಲೆ ಬಿದ್ದಿದ್ದ ಆಂಪೂಲ್ ನಂಬಿಕೊಂಡು ಕೂರಬೇಡಿ.

ಹೆರಿಗೆ ಆಯ್ತು, ಮಗು ಅತ್ತಿತು, ಎಲ್ಲರೂ ನಿಟ್ಟುಸಿರು ಬಿಟ್ಟರು. ನಿಮ್ಮ ಕೆಲಸ ನಿಜವಾಗಿ ಶುರುವಾಗುವುದು ಆಗ. ಮೊದಲ ಎರಡು ಗಂಟೆ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ನಾಡಿ, ಬಿಪಿ, ರಕ್ತಸ್ರಾವ ನೋಡಿ, ಗರ್ಭಕೋಶ ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಿ. ಎಷ್ಟು ರಕ್ತ ಹೋಯ್ತು ಅಂತ ಕಣ್ಣಳತೆಯಲ್ಲಿ ಹೇಳುವಾಗ ಎಲ್ಲರೂ ಕಡಿಮೆಯೇ ಹೇಳುತ್ತಾರೆ, ಅನುಭವ ಇದ್ದವರೂ. ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಎಎನ್‌ಎಂಗಳೇ (ಹಳ್ಳಿಯ ಆರೋಗ್ಯ ಸಹಾಯಕಿಯರು) ಮಾಡಿಸಿದ ಹೆರಿಗೆಗಳ ಮೇಲೆ ಒಂದು ದೊಡ್ಡ ಅಧ್ಯಯನ ನಡೆದಿತ್ತು, 2006ರಲ್ಲಿ ಪ್ರಕಟವಾಯಿತು. ಹೆಂಗಸಿನ ಕೆಳಗೆ ಅಳತೆ ಗುರುತಿರುವ ಪ್ಲಾಸ್ಟಿಕ್ ಹಾಳೆ ಹಾಕಿ ರಕ್ತವನ್ನು ಅಳೆದರು. ಹೆರಿಗೆಯಾದ ಕೂಡಲೇ ಗರ್ಭಕೋಶ ಗಟ್ಟಿಯಾಗಿಸುವ ಮಿಸೋಪ್ರೋಸ್ಟಾಲ್ ಮಾತ್ರೆ 600 ಮೈಕ್ರೋಗ್ರಾಂ ನುಂಗಿಸಿದವರಲ್ಲಿ ಅತಿ ರಕ್ತಸ್ರಾವ ನೂರಕ್ಕೆ 12ರಿಂದ ಸುಮಾರು 6ಕ್ಕೆ ಇಳಿಯಿತು. ಡಾಕ್ಟರ್ ಇಲ್ಲದ ಕಡೆ, ಎಎನ್‌ಎಂ ಕೈಯಲ್ಲಿ. ನೀವು ಬಿಎಸ್ಸಿ ಮಾಡಿದವರು, ಐಸಿಯು ನೋಡಿದವರು. ನಿಮ್ಮಿಂದ ಆಗದ ಕೆಲಸ ಅಲ್ಲ ಇದು.

ಇನ್ನು ಪಾಳಿ ಶುರುವಾದ ತಕ್ಷಣದ ಕೆಲಸ. ಊಟದ ಡಬ್ಬಿ ಇಟ್ಟು ನೇರ ಲೇಬರ್ ರೂಮಿಗೆ ಹೋಗಿ. ಮಗುವಿಗೆ ಉಸಿರು ಕೊಡುವ ಅಂಬು ಬ್ಯಾಗ್ ಎತ್ತಿಕೊಂಡು ಮಾಸ್ಕ್ ಬಾಯನ್ನು ಅಂಗೈಗೆ ಗಟ್ಟಿಯಾಗಿ ಒತ್ತಿ ಬ್ಯಾಗ್ ಹಿಂಡಿ. ಅಂಗೈಗೆ ಒತ್ತಡ ಗೊತ್ತಾಗಬೇಕು, ವಾಲ್ವ್ ‘ಟಪ್’ ಅಂತ ತೆರೆಯಬೇಕು. ಗಾಳಿ ಸುಮ್ನೆ ಪಕ್ಕದಿಂದ ಹೋದರೆ ಮಾಸ್ಕ್ ಸರಿಯಾಗಿ ಕೂತಿಲ್ಲ, ಇಲ್ಲವೇ ಬ್ಯಾಗ್ ಹರಿದಿದೆ ಅಂತ ಅರ್ಥ. ಮಾಸ್ಕ್ ಸೊನ್ನೆ ಸೈಜ್ ಮತ್ತು ಒಂದು ಸೈಜ್ ಎರಡೂ ಇರಬೇಕು. ಆಕ್ಸಿಜನ್ ಸಿಲಿಂಡರ್ ತಿರುಗಿಸಿ ನೋಡಿ. ಸಿಲಿಂಡರ್ ತುಂಬಿರುತ್ತೆ, ತೆರೆಯುವ ಕೀ ಇರಲ್ಲ, ಅದು ಫಾರ್ಮಸಿ ಬೀರುವಿನೊಳಗೆ ಬೀಗ ಹಾಕಿರುತ್ತೆ. ನಗಬೇಡಿ, ತುಂಬಾ ಕಡೆ ಹೀಗೇ. ಕೀಯನ್ನು ದಾರ ಕಟ್ಟಿ ಸಿಲಿಂಡರ್‌ಗೇ ನೇತುಹಾಕಿ. ಮಗುವನ್ನು ಬೆಚ್ಚಗಿಡುವ ವಾರ್ಮರ್ ಹೆರಿಗೆಗೆ ಅರ್ಧ ಗಂಟೆ ಮುಂಚೆ ಹಾಕಿ. ಕರೆಂಟ್ ಹೋದರೆ ಏನು ಅಂತಲೂ ಈಗಲೇ ನೋಡಿಕೊಳ್ಳಿ: ಟಾರ್ಚ್ ಎಲ್ಲಿದೆ, ಯುಪಿಎಸ್‌ಗೆ ಲೇಬರ್ ರೂಮಿನ ಲೈಟ್ ಸೇರಿದೆಯಾ, ಅಥವಾ ಬರೀ ಕಂಪ್ಯೂಟರ್ ಸೇರಿದೆಯಾ. ಮಗು ಹುಟ್ಟಿ ಉಸಿರಾಡದೆ ಇದ್ದರೆ ನಿಮಗಿರುವುದು ಒಂದು ನಿಮಿಷ. ಆ ನಿಮಿಷದಲ್ಲಿ ಕೀ ಹುಡುಕಲು ಆಗಲ್ಲ.

ರಾತ್ರಿ ಡಾಕ್ಟರ್ ಇರಲ್ಲ ಅನ್ನೋದು ಬಹಳ ಕಡೆ ನಿಜ. ಕ್ವಾರ್ಟರ್ಸ್‌ನಲ್ಲಿದ್ದರೆ ಬರುತ್ತಾರೆ, ಇಲ್ಲದಿದ್ದರೆ ಫೋನ್‌ನಲ್ಲಿ ಸಿಗುತ್ತಾರೆ. ಫೋನ್‌ನಲ್ಲಿ ಹೇಳಿದ ಔಷಧವನ್ನು ಒಮ್ಮೆ ವಾಪಸ್ ಓದಿ ಹೇಳಿ, ಕೇಸ್ ಶೀಟ್‌ನಲ್ಲಿ ಗಂಟೆ ಸಮೇತ ‘ಫೋನ್ ಮೂಲಕ ಸೂಚನೆ’ ಅಂತ ಡಾಕ್ಟರ ಹೆಸರು ಬರೆದು ಕೊಡಿ, ಬೆಳಿಗ್ಗೆ ಸಹಿ ಹಾಕಿಸಿಕೊಳ್ಳಿ. ಇದು ಅಪನಂಬಿಕೆ ಅಲ್ಲ, ಒಳ್ಳೆ ಡಾಕ್ಟರ್ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಫೋನ್ ಎತ್ತದಿದ್ದರೆ ಎಷ್ಟು ಗಂಟೆಗೆ ಮಾಡಿದ್ದೆ ಅನ್ನೋದನ್ನೂ ಬರೆಯಿರಿ, ಆಮೇಲೆ ರೆಫರ್ ಮಾಡಿ. ಕೊಟ್ಟ ಔಷಧದ ಬ್ಯಾಚ್ ನಂಬರ್ ಬರೆಯುವುದನ್ನೂ ರೂಢಿ ಮಾಡಿಕೊಳ್ಳಿ. 2024ರ ಕೊನೆಯಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವಾದಾಗ ಡ್ರಿಪ್ ಬಾಟಲಿ ಮೇಲೇ ಅನುಮಾನ ಬಂದು ಸರ್ಕಾರ ಒಂದು ಕಂಪನಿಯ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಡ್ರಿಪ್ ಬಳಕೆ ನಿಲ್ಲಿಸಿತು. ಅಂಥ ಹೊತ್ತಿನಲ್ಲಿ ಯಾರಿಗೆ ಯಾವ ಬ್ಯಾಚ್ ಹೋಗಿತ್ತು ಅನ್ನುವುದು ನರ್ಸ್ ಬರೆದಿದ್ದರೆ ಮಾತ್ರ ಗೊತ್ತಾಗುವುದು.

ಈಗ ತುಕ್ಕಿನ ಮಾತು. ಸ್ನೇಹಿತೆಯರು ಹೇಳುವುದರಲ್ಲಿ ಒಂದಿಷ್ಟು ಸತ್ಯ ಇದೆ. ವೆಂಟಿಲೇಟರ್ ಸೆಟ್ಟಿಂಗ್, ಸೆಂಟ್ರಲ್ ಲೈನ್, ಇನ್ಫ್ಯೂಷನ್ ಪಂಪ್ ಅಲ್ಲಿ ಇರಲ್ಲ, ಕೈ ಮರೆಯುತ್ತೆ. ಮುಂದೆ ಗಲ್ಫ್‌ಗೋ ಯುರೋಪ್‌ಗೋ ಹೋಗುವ ಯೋಚನೆ ಇದ್ದರೆ ಬೆಡ್ ಇರುವ ದೊಡ್ಡ ಆಸ್ಪತ್ರೆಯ ಇತ್ತೀಚಿನ ಅನುಭವ ಕೇಳುವವರೇ ಜಾಸ್ತಿ, ಅದನ್ನು ಲೆಕ್ಕಕ್ಕೆ ತಗೊಳ್ಳಿ. ಆದರೆ ಪಿಎಚ್‌ಸಿಯಲ್ಲಿ ಬಿಪಿ ನೋಡಿ ಇಂಜೆಕ್ಷನ್ ಚುಚ್ಚುವುದು ಬಿಟ್ಟರೆ ಕೆಲಸ ಇಲ್ಲ ಅನ್ನುವುದು ಶುದ್ಧ ಸುಳ್ಳು. ಬಯಲುಸೀಮೆಯಲ್ಲಿ ಒಂದು ಪಿಎಚ್‌ಸಿಗೆ ಸುಮಾರು 30,000 ಜನ ಅನ್ನೋದು ಲೆಕ್ಕ. ಒಂದೇ ಬೆಳಿಗ್ಗೆ ನಾಯಿ ಕಚ್ಚಿದವರು, ಹೊಲದಲ್ಲಿ ಹಾವು ಕಚ್ಚಿಸಿಕೊಂಡವರು, ಎಣ್ಣೆ ಕುಡಿದವರು (ಹೊಲಕ್ಕೆ ಹೊಡೆಯುವ ಎಣ್ಣೆ, ತಿಳಿದಿರಲಿ), ಟಿಬಿ ಮಾತ್ರೆಯವರು, ಶುಗರ್‌ನವರು ಬರುತ್ತಾರೆ. ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ, ಹಾಗಾಗಿ ಅದಕ್ಕೆ ವರದಿಯೂ ಹೋಗಬೇಕು. ನಾಯಿ ಕಚ್ಚಿದವರಿಗೆ ಲಸಿಕೆಗೆ ಮೊದಲು ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಸಬೇಕು. ಇದನ್ನು ಮಾಡಿಸುವ ತಾಳ್ಮೆ ಇರುವವರು ಕಡಿಮೆ, ನೀವು ಮಾಡಿಸಿ.

ಐಸಿಯುನಲ್ಲಿ ರೋಗಿ ಕೆಡುತ್ತಿದ್ದರೆ ಮಾನಿಟರ್ ಕೂಗಿ ಹೇಳುತ್ತೆ. ಇಲ್ಲಿ ಹೇಳುವುದು ರೋಗಿ ಮಾತ್ರ, ಅದೂ ಅವರ ಮಾತಿನಲ್ಲಿ. ನೀವು ಹಾಸನದವರು, ಅಲ್ಲಿಯ ಮಾತಿಗೆ ಮೊದಲ ಕೆಲವು ವಾರ ಕಿವಿ ಕೊಡಬೇಕು. ಎಂಟು ತಿಂಗಳ ಬಸುರಿ ಓಪಿಡಿ ಸಾಲಿನಲ್ಲಿ ನಿಂತು ‘ಅಕ್ಕಾರ, ತಲಿ ಭಾಳ ಸಿಡೀತದ್ರಿ, ಕಣ್ಣಿಗೆ ಮಬ್ಬು ಮಬ್ಬು’ ಅಂದರೆ ಅವಳನ್ನು ಆ ಕ್ಷಣ ಸಾಲಿನಿಂದ ಹೊರಗೆ ಕರೆದು ಬಿಪಿ ನೋಡಿ. ‘ಕೂಸು ಮಿಸುಕಾಡವಲ್ದು’ (ಮಗು ಅಲುಗಾಡುತ್ತಿಲ್ಲ) ಅಂತ ಹೇಳಿದರೆ ಮಗುವಿನ ಎದೆಬಡಿತ ಕೇಳಿ. ಬಿಪಿ 160/110 ಇದ್ದು ತಲೆನೋವು, ಕಣ್ಣು ಮಬ್ಬು ಇದ್ದರೆ ಅವಳಿಗೆ ಯಾವ ಹೊತ್ತಿನಲ್ಲಾದರೂ ಫಿಟ್ಸ್ ಬರಬಹುದು. ಕಳಿಸುವ ಮೊದಲು ಫಿಟ್ಸ್ ತಡೆಯುವ ಮ್ಯಾಗ್ನೀಷಿಯಂ ಸಲ್ಫೇಟ್‌ನ ಮೊದಲ ಡೋಸ್ ಕೊಡಬೇಕು: ಎರಡೂ ಪಿರ್ರೆಗೆ ತಲಾ 5 ಗ್ರಾಂ, ಆಳವಾಗಿ, ಒಟ್ಟು 10 ಗ್ರಾಂ. 50 ಪರ್ಸೆಂಟ್‌ನ 2 ಎಂಎಲ್ ಆಂಪೂಲ್ ಒಂದಕ್ಕೆ ಒಂದು ಗ್ರಾಂ, ಅಂದರೆ ಹತ್ತು ಆಂಪೂಲ್. ಆ ಹತ್ತು ಒಂದೇ ಡಬ್ಬಿಯಲ್ಲಿ ಇವೆಯಾ ಅಂತ ಮೊದಲ ದಿನವೇ ಎಣಿಸಿಡಿ. ಬಿಪಿ ಇಳಿಸುವ ಮಾತ್ರೆಗೆ ಡಾಕ್ಟರನ್ನು ಕೇಳಿ. 108 ಬರುವುದರೊಳಗೆ ಇದೆಲ್ಲ ಮುಗಿದಿರಬೇಕು. ರೆಫರ್ ಚೀಟಿಯಲ್ಲಿ ಏನು ಕೊಟ್ಟಿರಿ, ಎಷ್ಟು ಗಂಟೆಗೆ ಕೊಟ್ಟಿರಿ ಅಂತ ಬರೆದು, ಆ ಆಸ್ಪತ್ರೆಯ ಲೇಬರ್ ರೂಮಿಗೇ ಫೋನ್ ಮಾಡಿ ಹೇಳಿ. ‘ಮುಂದಿನ ಚಿಕಿತ್ಸೆಗಾಗಿ ಕಳಿಸಿದೆ’ ಅಂತ ಒಂದು ಗೆರೆ ಬರೆದು ಕಳಿಸಿದರೆ ಅಲ್ಲಿಯವರು ಅದೇ ಡೋಸ್ ಮತ್ತೆ ಕೊಟ್ಟುಬಿಡಬಹುದು. ಐಸಿಯು ಕೆಲಸ ನಿಮಗೆ ಇಲ್ಲೇ ಉಪಯೋಗಕ್ಕೆ ಬರುವುದು. ಲೈನ್ ಹಾಕಲು, ಡೋಸ್ ಲೆಕ್ಕ ಹಾಕಲು, ಗಾಬರಿಯಾಗದೆ ನಿಲ್ಲಲು ನಿಮಗೆ ಬರುತ್ತೆ. ಅಲ್ಲಿ ಹತ್ತು ವರ್ಷ ಇದ್ದವರಿಗಿಂತ ಚೆನ್ನಾಗಿ ಬರಬಹುದು.

ನೀವು ಬರೆಯದ ಎರಡು ವಿಷಯ ಅಂದೆನಲ್ಲ. ಒಂದು, ಅಳೆಯದ ಸಂಖ್ಯೆ. ಯಾವುದಾದರೂ ಹಳೆಯ ಗರ್ಭಿಣಿ ರಿಜಿಸ್ಟರ್ ತೆಗೆದು ಬಿಪಿ ಕಾಲಂ ಮೇಲೆ ಬೆರಳಿಟ್ಟು ಕೆಳಗೆ ಬನ್ನಿ. 110/70, 120/80, 110/70, 120/80. ಇಡೀ ಊರಿನ ಬಸುರಿಯರಿಗೆಲ್ಲ ಎರಡೇ ಬಿಪಿ! ಒಬ್ಬಳಿಗೂ 126/84 ಇಲ್ಲ ಅಂದರೆ ಯಾರೂ ಅಳೆದಿಲ್ಲ ಅಂತ ಅರ್ಥ. ಇದು ಬರೀ ಸೋಮಾರಿತನದಿಂದ ಆಗುವುದಲ್ಲ. ಆರ್‌ಸಿಎಚ್, ಎಚ್‌ಎಂಐಎಸ್, ನಿಕ್ಷಯ್, ಯು-ವಿನ್ ಅಂತ ಅಂಕಿಅಂಶ ತುಂಬಬೇಕಾದ ಸರ್ಕಾರಿ ಪೋರ್ಟಲ್‌ಗಳು, ಜೊತೆಗೆ ಕಾಗದದ ರಿಜಿಸ್ಟರ್, ಮೇಲೆ ಮೀಟಿಂಗ್‌ನಲ್ಲಿ ‘ನಿಮ್ಮ ಪಿಎಚ್‌ಸಿ ಯಾಕೆ ಹಿಂದೆ?’ ಅನ್ನುವ ಪ್ರಶ್ನೆ. ಖಾಲಿ ಕಾಲಂ ಇದ್ದರೆ ಬೈಗುಳ, ತುಂಬಿದ್ದರೆ ಯಾರೂ ಕೇಳಲ್ಲ. ಹಾಗಾಗಿ ತುಂಬುತ್ತಾರೆ. ನೀವು ಮಾತ್ರ ಅಳೆಯದಿದ್ದರೆ ಖಾಲಿ ಬಿಡಿ. ಬೈಗುಳ ತಿಂದರೆ ಒಂದು ದಿನ ಮನಸ್ಸು ಕೆಡುತ್ತೆ. ತಾಯಿ ಸಾವಿನ ತನಿಖೆಯಲ್ಲಿ ತಾಯಿ ಕಾರ್ಡ್ ಮೇಜಿನ ಮೇಲೆ ಬಂದಾಗ, ಹಿಂದಿನ ವಾರ ನೀವು ಬರೆದ 110/70 ನಿಮ್ಮ ಕೈಬರಹದಲ್ಲೇ ಇರುತ್ತೆ. ಲಸಿಕೆ ಫ್ರಿಜ್‌ನ ತಾಪಮಾನ ಪುಸ್ತಕವೂ ಹೀಗೆಯೇ. ದಿನಕ್ಕೆ ಎರಡು ಸಲ ಥರ್ಮಾಮೀಟರ್ ನೋಡಿ ಬರೆಯಬೇಕು, ಭಾನುವಾರದ್ದನ್ನು ಸೋಮವಾರ ಊಹಿಸಿ ಬರೆಯುವುದಲ್ಲ.

ಎರಡನೆಯದು ಚಾರ್ಜ್ ತಗೊಳ್ಳುವುದು. ಲೇಬರ್ ರೂಮಿನ ಅಥವಾ ಸ್ಟೋರಿನ ಚಾರ್ಜ್ ಕೊಡುವವರು ಪಟ್ಟಿ ಮುಂದಿಟ್ಟು ‘ಎಲ್ಲ ಸರಿ ಇದೆ ಸಿಸ್ಟರ್, ಸಹಿ ಹಾಕಿ, ಬಸ್ಸಿಗೆ ಹೊತ್ತಾಯ್ತು’ ಅನ್ನುತ್ತಾರೆ. ಎಣಿಸದೆ ಸಹಿ ಹಾಕಬೇಡಿ. ಫೋರ್ಸೆಪ್ಸ್ ಎಷ್ಟು, ಸಕ್ಷನ್ ಯಂತ್ರ ಓಡುತ್ತಾ, ಬೆಡ್‌ಶೀಟ್ ಎಷ್ಟು, ಅವಧಿ ಮುಗಿದ ಔಷಧ ಎಷ್ಟು. ಇಲ್ಲದ್ದನ್ನು ‘ಇಲ್ಲ’, ಕೆಟ್ಟಿದ್ದನ್ನು ‘ಕೆಟ್ಟಿದೆ’ ಅಂತ ಪಟ್ಟಿಯಲ್ಲೇ ಬರೆದು ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆಡಿಟ್‌ನಲ್ಲಿ ಕಡಿಮೆ ಬಂದರೆ ಸಂಬಳದಿಂದ ಕಟ್ಟಬೇಕಾಗುವುದು ಕೊನೆಯ ಸಹಿ ಯಾರದ್ದೋ ಅವರು.

ದುಡ್ಡಿನ ವಿಷಯ ಮುಚ್ಚಿಟ್ಟು ಮಾತಾಡಿದರೆ ಪ್ರಯೋಜನ ಇಲ್ಲ. ಹೌದು, ಕೆಲವು ಕಡೆ ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಅಂತ ದರವೇ ಇದೆ. ಎಲ್ಲರೂ ತಗೋತಾರೆ ಅನ್ನುವುದು ಮಾತ್ರ ಸುಳ್ಳು. ಒಂದು ಪೈಸೆ ಮುಟ್ಟದೆ ರಿಟೈರ್ ಆದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಔಷಧ, ಪರೀಕ್ಷೆ, ಊಟ, ಬರುವ ಹೋಗುವ ಗಾಡಿ ಎಲ್ಲ ಉಚಿತ. ದುಡ್ಡು ತೆಗೆದುಕೊಂಡರೆ ಅದು ಲಂಚ, ಗುತ್ತಿಗೆ ನೌಕರರಿಗೂ ಅದೇ ಕಾನೂನು, ಲೋಕಾಯುಕ್ತದವರು ‘ಗುತ್ತಿಗೆ’ ಅಂತ ಬಿಡಲ್ಲ. ನಿಮಗಿರುವ ನಿಜವಾದ ಅಪಾಯ ನೀವು ತಗೊಳ್ಳುವುದಲ್ಲ, ನಿಮ್ಮ ಹೆಸರಲ್ಲಿ ಇನ್ನೊಬ್ಬರು ತಗೊಳ್ಳುವುದು. ‘ಸಿಸ್ಟರ್‌ಗೂ ಕೊಡಬೇಕು’ ಅಂತ ಬಾಗಿಲ ಹೊರಗೆ ಕೇಳುತ್ತಾರೆ, ನಿಮಗೆ ಗೊತ್ತೇ ಆಗಲ್ಲ. ಇದಕ್ಕೆ ನಾನು ಕಂಡ ಒಂದೇ ದಾರಿ, ಮೊದಲ ಹೆರಿಗೆಯಿಂದಲೇ ಬಾಣಂತಿಯ ಅಮ್ಮ, ಅತ್ತೆ, ಗಂಡ ಎಲ್ಲರ ಎದುರು, ಆಯಾ ಕೂಡ ಅಲ್ಲೇ ಇರುವಾಗ, ನಗುನಗುತ್ತಾ ಜೋರಾಗಿ ಹೇಳುವುದು: ‘ಇಲ್ಲಿ ಯಾರಿಗೂ ಏನೂ ಕೊಡಬೇಕಿಲ್ಲ, ನನ್ನ ಹೆಸರು ಹೇಳಿ ಕೇಳಿದರೆ ನನಗೇ ಬಂದು ಹೇಳಿ.’ ಕೆಲವು ದಿನ ಆಯಾ ಮುಖ ಊದಿಸಿಕೊಳ್ಳಬಹುದು. ಬಿಸಿನೀರು ಕಾಯಿಸಲು ತಡ ಮಾಡಬಹುದು. ತಡೆದುಕೊಳ್ಳಿ. ಅವರ ಕಷ್ಟವೂ ಸುಳ್ಳಲ್ಲ, ಹೊರಗುತ್ತಿಗೆಯ ಸಂಬಳ ತಿಂಗಳುಗಟ್ಟಲೆ ಬರದೇ ಇರುವುದುಂಟು. ಸಂಬಳಕ್ಕಾಗಿ ಅವರ ಜೊತೆ ನಿಂತು ಅರ್ಜಿ ಬರೆದುಕೊಡಿ, ಬಾಣಂತಿಯ ಸೆರಗಿನ ದುಡ್ಡಿನ ಗಂಟಿಗೆ ಕೈ ಹಾಕುವುದಕ್ಕೆ ಮಾತ್ರ ಜೊತೆಯಾಗಬೇಡಿ. ಮನೆಯವರು ಪೇಡಾ ತಂದರೆ ಎಲ್ಲರ ಜೊತೆ ಹಂಚಿ ತಿನ್ನಿ, ಅದರಲ್ಲಿ ತಪ್ಪೇನಿಲ್ಲ. ಇನ್ನೊಂದು, ಜನನಿ ಸುರಕ್ಷಾ ಯೋಜನೆಯ 700 ರೂಪಾಯಿ ಖಾತೆಗೆ ಬರದಿದ್ದರೆ ‘ನರ್ಸ್ ತಿಂದಳು’ ಅನ್ನುತ್ತಾರೆ. ಹೆಚ್ಚಿನ ಸಲ ಆಧಾರ್ ಮತ್ತು ಬ್ಯಾಂಕ್ ಖಾತೆ ಜೋಡಣೆಯಾಗಿರಲ್ಲ. ಡಿಸ್ಚಾರ್ಜ್ ಮಾಡುವಾಗಲೇ ಪಾಸ್‌ಬುಕ್ ನೋಡಿ ಹೇಳಿ ಕಳಿಸಿ.

ಸೂಜಿ ಚುಚ್ಚಿಕೊಂಡರೆ ಎಚ್‌ಐವಿ ಬಂದೇ ಬಿಡುತ್ತೆ ಅನ್ನುವುದು ತಪ್ಪು. ಎಚ್‌ಐವಿ ಇರುವವರಿಗೆ ಬಳಸಿದ ಸೂಜಿ ಚುಚ್ಚಿದರೂ ಸೋಂಕು ತಗಲುವುದು ಸಾವಿರಕ್ಕೆ ಸುಮಾರು ಮೂರು ಸಲ. ಹೆಪಟೈಟಿಸ್ ಬಿ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಅಪಾಯ, ಲಸಿಕೆ ಹಾಕಿಸಿಕೊಳ್ಳದವರಿಗೆ ನೂರಕ್ಕೆ ಮೂವತ್ತರವರೆಗೂ ಹೋಗಬಹುದು. ಅದಕ್ಕೆ ಲಸಿಕೆ ಇದೆ. ಮೂರು ಡೋಸ್ ಆಗಿದೆಯಾ ನೋಡಿ, ಈಗ ಬೆಂಗಳೂರಲ್ಲಿರುವಾಗಲೇ ಆಂಟಿಬಾಡಿ ಪರೀಕ್ಷೆ ಮಾಡಿಸಿ, 10ಕ್ಕಿಂತ ಹೆಚ್ಚಿದ್ದರೆ ನೆಮ್ಮದಿ. ಚುಚ್ಚಿಕೊಂಡರೆ ಹಿಂಡಬೇಡಿ, ಬಾಯಿಗಿಟ್ಟುಕೊಳ್ಳಬೇಡಿ, ಸೋಪು ನೀರಲ್ಲಿ ತೊಳೆದು ಡಾಕ್ಟರಿಗೆ ತಿಳಿಸಿ ದಾಖಲೆ ಮಾಡಿಸಿ. ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಗೆ (ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಮಾಲೋಚನೆ ಕೇಂದ್ರ) ಹೋಗಿ. ಎಚ್‌ಐವಿ ತಡೆ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗ ಇಲ್ಲ, 28 ದಿನ ನುಂಗಬೇಕು. ಸೂಜಿಗೆ ಮತ್ತೆ ಕ್ಯಾಪ್ ಹಾಕುವ ಅಭ್ಯಾಸ ಬಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಇನ್ನು ಅಮ್ಮನ ಮಾತು. ಇವತ್ತಲ್ಲ ನಾಳೆ ಪರ್ಮನೆಂಟ್ ಆಗೇ ಆಗುತ್ತೆ ಅಂತ ನಂಬಿ ಸೇರಬೇಡಿ. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ, ಎಷ್ಟು ವರ್ಷ ದುಡಿದರೂ ಗುತ್ತಿಗೆ ಕೆಲಸ ತಾನಾಗಿ ಕಾಯಂ ಆಗುವ ಹಕ್ಕಲ್ಲ ಅಂತ. ಆಮೇಲೆ ಬೇರೆ ಬೇರೆ ತೀರ್ಪು ಬಂದಿವೆ, ಹೋರಾಟ ನಡೆಯುತ್ತಲೇ ಇದೆ, ಆದರೆ ಅದರ ಮೇಲೆ ಜೀವನ ಕಟ್ಟಬಾರದು. ಎನ್‌ಎಚ್‌ಎಂ ಒಪ್ಪಂದ ವರ್ಷ ವರ್ಷ ನವೀಕರಣ ಆಗುತ್ತೆ. ಸಂಬಳ ಕೆಲವು ತಿಂಗಳು ತಡವಾಗಬಹುದು, ಮನೆ ಬಾಡಿಗೆಗೆ ಅಂತ ಮೂರು ತಿಂಗಳ ದುಡ್ಡು ಕೈಯಲ್ಲಿರಲಿ. ಕಾಯಂ ನೇಮಕಾತಿ ಕರೆದಾಗ ಗುತ್ತಿಗೆ ಸೇವೆಗೆ ಅಂಕ ಕೊಡುತ್ತಾರಾ ಇಲ್ಲವಾ ಅನ್ನುವುದು ಆ ಅಧಿಸೂಚನೆಯಲ್ಲಿ ಇರುತ್ತೆ. ಹಾಗಾಗಿ ಪ್ರತಿ ವರ್ಷದ ನೇಮಕ ಆದೇಶ, ನವೀಕರಣ ಆದೇಶ ಒಂದೂ ಕಳೆಯದ ಹಾಗೆ ಫೈಲ್ ಮಾಡಿ.

ಬೇರೆ ದಾರಿಗಳೂ ಇವೆ. ರಾತ್ರಿ ಪಾಳಿ, ಹೆರಿಗೆ ಎರಡೂ ಬೇಡ ಅಂದರೆ ನಗರ, ಪಟ್ಟಣಗಳಲ್ಲಿರುವ ಸರ್ಕಾರದ ‘ನಮ್ಮ ಕ್ಲಿನಿಕ್’ ನೋಡಿ. ಹೆಚ್ಚಿನ ಕಡೆ ಬೆಳಿಗ್ಗೆ 9ರಿಂದ ಸಂಜೆ 4.30, ಒಬ್ಬರು ಡಾಕ್ಟರ್, ಒಬ್ಬರು ನರ್ಸ್, ಒಬ್ಬರು ಲ್ಯಾಬ್‌ನವರು. ಸಣ್ಣ ಮಕ್ಕಳಿರುವವರಿಗೆ ಅನುಕೂಲ, ಆದರೆ ಕಲಿಯುವುದು ಕಡಿಮೆ, ಅದೂ ಗುತ್ತಿಗೆಯೇ. ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಓ ಕೆಲಸವೂ ಇದೆ. ಸುಮಾರು 5,000 ಜನರಿಗೆ ನೀವೇ ಮುಖ್ಯ, ಬಿಪಿ ಶುಗರ್ ರೋಗಿಗಳನ್ನು ಹಿಂಬಾಲಿಸುವುದು, ಡಾಕ್ಟರಿಗೆ ವಿಡಿಯೋ ಕರೆ ಮಾಡಿ ತೋರಿಸುವುದು. ಸ್ವಾತಂತ್ರ್ಯ ಇದೆ, ಒಂಟಿತನವೂ ಇದೆ. ಕೆಲವರ ವಿಷಯದಲ್ಲಿ ಸಂಬಳದ ಒಂದು ಭಾಗ ಗುರಿ ಮುಟ್ಟಿದರೆ ಮಾತ್ರ ಬರುತ್ತೆ, ಅಳೆಯದ ಸಂಖ್ಯೆಯ ಆಸೆ ಅಲ್ಲಿ ಇನ್ನೂ ಜಾಸ್ತಿ. ಮೂರನೆಯದು ಬೆಂಗಳೂರಲ್ಲೇ ಇದ್ದು ಕಾಯಂ ಹುದ್ದೆಗೆ ಓದುವುದು. ಐಸಿಯು ಪಾಳಿ ಮುಗಿಸಿ ಬಂದು ಎಷ್ಟು ಓದಲು ಆಗುತ್ತೆ ಅಂತ ನಿಮಗೆ ಗೊತ್ತು. ನನ್ನನ್ನು ಕೇಳಿದರೆ, ವಿದೇಶದ ಯೋಚನೆ ಇಲ್ಲದಿದ್ದರೆ ಸೇರಿ. ಒಂದು ವರ್ಷ ನೋಡಿ, ಓದುವುದನ್ನು ನಿಲ್ಲಿಸಬೇಡಿ.

ಸೇರಿದ ಮೇಲೆ ಆಶಾಗಳ ಜೊತೆ ಚೆನ್ನಾಗಿರಿ. ಯಾರ ಮನೆಯಲ್ಲಿ ಯಾವ ಬಸುರಿ ಊಟ ಬಿಟ್ಟಿದ್ದಾಳೆ ಅನ್ನುವುದು ಅವರಿಗೆ ಗೊತ್ತು, ಪೋರ್ಟಲ್‌ಗೆ ಗೊತ್ತಿಲ್ಲ. ರಾತ್ರಿ ಗಲಾಟೆಯಾದರೆ ಒಬ್ಬರೇ ಎದುರು ನಿಲ್ಲಬೇಡಿ, ಒಳಗೆ ಬಾಗಿಲು ಹಾಕಿ 112ಕ್ಕೆ ಫೋನ್ ಮಾಡಿ. ಆಸ್ಪತ್ರೆ ಸಿಬ್ಬಂದಿ ಮೇಲೆ ಹಲ್ಲೆ ಮಾಡಿದರೆ ಜೈಲು ಅನ್ನುವ ರಾಜ್ಯದ ಕಾನೂನು 2009ರಿಂದಲೇ ಇದೆ. ಇನ್ನೊಂದು ಸೂಕ್ಷ್ಮ ವಿಷಯ: ಕಾರ್ಡ್‌ನಲ್ಲಿ 19 ಅಂತ ಇರುತ್ತೆ, ಎದುರಿಗೆ ಕೂತ ಹುಡುಗಿಗೆ 16 ಕೂಡ ಕಾಣಲ್ಲ. ಹದಿನೆಂಟಾಗದ ಹುಡುಗಿ ಬಸುರಿಯಾಗಿದ್ದರೆ ಪೋಕ್ಸೊ ಪ್ರಕಾರ ತಿಳಿಸಲೇಬೇಕು, ಮುಚ್ಚಿಟ್ಟವರಿಗೂ ಶಿಕ್ಷೆ ಇದೆ. ಮನೆಯವರು ಕೈ ಮುಗಿಯುತ್ತಾರೆ, ಊರಿನ ದೊಡ್ಡವರು ಬರುತ್ತಾರೆ. ತನಿಖೆ ಮಾಡುವುದು ನಿಮ್ಮ ಕೆಲಸ ಅಲ್ಲ, ವೈದ್ಯಾಧಿಕಾರಿಗೆ ಬರಹದಲ್ಲಿ ಕೊಡಿ, ಅವರಿಂದ ಪೊಲೀಸರಿಗೆ ಹೋಗಿದೆಯಾ ಅಂತ ವಿಚಾರಿಸಿ. ಆ ಹುಡುಗಿಯ ಚಿಕಿತ್ಸೆ ಮಾತ್ರ ಒಂದು ಕ್ಷಣವೂ ನಿಲ್ಲಬಾರದು.

ಉಳಿದ ಹದಿನೈದು ದಿನದಲ್ಲಿ ಮಾಡಬೇಕಾದದ್ದು: ಈಗಿನ ಆಸ್ಪತ್ರೆಯಿಂದ ಒರಿಜಿನಲ್ ಸರ್ಟಿಫಿಕೇಟ್, ಅನುಭವ ಪತ್ರ, ಬಿಡುಗಡೆ ಪತ್ರ ಕೈಗೆ ತಗೊಳ್ಳಿ. ನರ್ಸಿಂಗ್ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿದೆಯಾ ನೋಡಿ. ನಿಮ್ಮ ಆಸ್ಪತ್ರೆಯಲ್ಲೇ ಹೆರಿಗೆ ವಾರ್ಡ್ ಇದ್ದರೆ ಇನ್‌ಚಾರ್ಜ್ ಸಿಸ್ಟರ್‌ನ ಕೇಳಿಕೊಂಡು ಪಾಳಿ ಮುಗಿದ ಮೇಲೆ ನಾಲ್ಕಾರು ದಿನ ಅಲ್ಲಿ ನಿಲ್ಲಿ. ಸೇರುವ ದಿನ ಊಟದ ಹೊತ್ತಿಗೆ ಮುಂಚೆ ಹೋಗಿ, ಹಾಜರಾದ ವರದಿಯಲ್ಲಿ ‘ಪೂರ್ವಾಹ್ನ’ ಅಂತ ಬರೆಯಿರಿ, ಇಲ್ಲದಿದ್ದರೆ ಆ ದಿನದ ಸಂಬಳದ ತಕರಾರು ಬರುತ್ತೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಸೀಲು ಮತ್ತು ತಾರೀಕು ಹಾಕಿಸಿಕೊಂಡು ಬ್ಯಾಗಿಗೆ ಹಾಕಿಕೊಳ್ಳಿ. ಆಮೇಲೆ ತಾಲ್ಲೂಕು ಆಸ್ಪತ್ರೆಯ ಲೇಬರ್ ರೂಮಿನ ನಂಬರ್ ಕೇಳಿ ಬರೆದುಕೊಳ್ಳಿ.